ಕತ್ತಿನ ಬ್ಯಾಂಡು

ಬ್ಯಾಂಡು ಅಂದರೆ ಊರಿಗೆಲ್ಲ ಮದುವೆಯ ವಾದ್ಯ. ನಮ್ಮ ಮನೆಯಲ್ಲಿ ಮಾತ್ರ ಅದು ಬಟ್ಟೆಯ ಪಟ್ಟಿ. ಅಪ್ಪ ರಾಯದುರ್ಗದಲ್ಲಿ ದರ್ಜಿ, ಜಗುಲಿಯ ಮೇಲೆಯೇ ಮಿಷನ್ನು. ಚಡ್ಡಿಯ ಸೊಂಟಕ್ಕೆ ಹಚ್ಚುವುದು ಬ್ಯಾಂಡು, ಕೋಟಿನ ಕತ್ತಿಗೆ ನಿಲ್ಲಿಸುವುದೂ ಬ್ಯಾಂಡು. ವಿಲಾಯತಿಯ ದೊರೆ ತೀರಿಕೊಂಡಾಗ ಕಚೇರಿಯ ಗುಮಾಸ್ತರು ತೋಳಿಗೆ ಕಟ್ಟಿಕೊಳ್ಳಲು ಒಯ್ದ ಕರಿ ಬಟ್ಟೆಗೂ ಅದೇ ಹೆಸರು. ಇಂಗ್ಲಿಷಿನವರಿಗೆ ಇಷ್ಟಕ್ಕೆಲ್ಲ ಒಂದೇ ಮಾತು ಸಾಕಾಯಿತೇ ಎಂದು ನನಗೆ ನಗು ಬರುತ್ತಿತ್ತು.

ಅಕ್ಕನನ್ನು ಮಡಕಶಿರದ ರೈತರ ಮನೆಗೆ ಕೊಡುವುದೆಂದಾಯಿತು. ಮನೆಯ ಮೊದಲ ಮದುವೆ. ಬೀಗರ ಕಣ್ಣು ತುಂಬಬೇಕು ಎಂದು ಅಪ್ಪ ಬ್ಯಾಂಡಿನವರಿಗೆಲ್ಲ ಹೊಸ ಕೆಂಪು ಕೋಟು ಹೊಲಿದ. ಕತ್ತಿಗೆ ಗಟ್ಟಿ ಪಟ್ಟಿ, ಮುಂದೆ ಕೊಕ್ಕೆ. ತೊಡಿಸಿ ನೋಡಿ, "ಗಂಡಿನವರು ಮನಿ ಮುಟ್ಟೋತನ ಯಾರೂ ಕೊಕ್ಕೆ ಬಿಚ್ಚಬ್ಯಾಡ್ರಿ" ಎಂದು ತಾಕೀತು ಮಾಡಿದ.

ಮದುವೆಯ ದಿನ ಬೆಳಿಗ್ಗೆ ಗಂಡಿನವರು ಮೋಟಾರಿನಿಂದ ಇಳಿದರು. ನಾನು ಆರತಿ ಹಿಡಿದ ಹೆಂಗಸರ ಜೊತೆ ಬೀದಿಯಲ್ಲಿದ್ದೆ. ಡೋಲು ಶುರುವಾಯಿತು. ಕ್ಲಾರಿನೆಟ್ಟಿನವನು ಒಂದು ಸಲ ಕೀರಲು ದನಿ ಎಬ್ಬಿಸಿ ನಿಲ್ಲಿಸಿಬಿಟ್ಟ. ಪಕ್ಕದ ಕಹಳೆಯವನದೂ ಅದೇ ಗತಿ. ಉಳಿದದ್ದು ಬರೀ ಡೋಲು. ಊದುವವರಿಲ್ಲದೆ ಬರೀ ಬಡಿತ ನಮ್ಮ ಕಡೆ ಹೆಣದ ಮುಂದೆ ಮಾತ್ರ.

ಗಂಡಿನ ಸೋದರಮಾವ ಅಲ್ಲೇ ನಿಂತ. "ಇದೇನ್ ಬೀಗರೇ ಇಂಗೆ? ನಮ್ ಹುಡ್ಗ ಇನ್ನೂ ಬದ್ಕವ್ನೆ. ಈ ಬಡ್ತ ಕೇಳ್ಕೊಂಡು ನಾವು ಮುಂದಕ್ಕೆ ಬರಾಕಿಲ್ಲ."

ಅಕ್ಕ ಒಳಗೆ ಅದನ್ನೇ ಕೇಳುತ್ತಿದ್ದಾಳೆ ಎಂದು ನೆನೆದು ನಾನು ಬಾಗಿಲ ಕಡೆ ನೋಡಿದೆ. ಇಂಥ ಮಾತಿಗೆ ಮದುವೆ ಮುರಿದದ್ದು ನಮಗೆ ಗೊತ್ತಿತ್ತು.

ಅಪ್ಪ ಓಡಿದ. "ಯಾಕ ನಿಂತ್ರಿ? ಊದ್ರಿ!"

ಕ್ಲಾರಿನೆಟ್ಟಿನವನ ಮುಖ ಕೋಟಿಗಿಂತ ಕೆಂಪಾಗಿತ್ತು. "ಉಸುರು ಬರವಲ್ದ್ರಿ ಮೇಸ್ತ್ರಿ. ಕೊಕ್ಕೆ ಬಿಚ್ಚಬ್ಯಾಡ ಅಂದೀರಿ."

ಅಳತೆ ತೆಗೆದಾಗ ಅವರೆಲ್ಲ ಬಾಯಿ ಮುಚ್ಚಿಕೊಂಡು ಸುಮ್ಮನೆ ನಿಂತಿದ್ದರು. ಊದುವವನ ಕತ್ತು ಉಬ್ಬುತ್ತದೆ ಎಂಬುದು ಅಪ್ಪನಿಗೆ ಹೊಳೆದಿರಲಿಲ್ಲ. ಆ ಮಹಾನುಭಾವರೋ, ಕೊಟ್ಟ ಮಾತಿಗೆ ಉಸಿರು ಕಟ್ಟಿಕೊಂಡು ನಿಂತಿದ್ದರು!

ಅಪ್ಪ ಬೀಗರೆದುರಿಗೇ ಒಬ್ಬೊಬ್ಬರ ಕೊಕ್ಕೆ ಬಿಚ್ಚಿದ. ಬಿಗಿದ ಕಡೆ ಕೆಂಪು ಗೆರೆ ಬಿದ್ದಿತ್ತು. ಹೆಗಲ ಮೇಲಿನ ವಸ್ತ್ರದಿಂದ ಅವರ ಕತ್ತು ಒರೆಸಿ, ಸೋದರಮಾವನ ಕಡೆ ತಿರುಗಿ, "ತಪ್ಪು ನನ್ನ ಕತ್ತರೀದ್ರಿ, ಅವರದಲ್ಲ" ಎಂದು ಕೈಮುಗಿದ. ಕ್ಲಾರಿನೆಟ್ಟಿನ ದನಿ ಎದ್ದಿತು. ಸೋದರಮಾವ ಒಂದು ಗಳಿಗೆ ಕೇಳಿ, ಮುಂದೆ ನಡೆದ. ನನಗೆ ಅಪ್ಪನ ಮೇಲೆ ಅಂಥ ಪ್ರೀತಿ ಹಿಂದೆಂದೂ ಬಂದಿರಲಿಲ್ಲ.

ಅಂದಿನಿಂದ ಅಪ್ಪ ಕತ್ತಿನ ಅಳತೆಗೆ ಬಂದವರನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಗುಮಾಸ್ತರಿರಲಿ, ಶೆಟ್ಟರಿರಲಿ, ಗಲ್ಲ ಉಬ್ಬಿಸಿ ಊದಿ ತೋರಿಸಬೇಕು. ಊರು ನಗುತ್ತಿತ್ತು, ಅಪ್ಪನಿಗೆ ಅದರ ಗೊಡವೆಯೇ ಇರಲಿಲ್ಲ.

ನನ್ನನ್ನೂ ಮಡಕಶಿರಕ್ಕೇ ಕೊಟ್ಟರು. ಆಗ ರವಿಕೆಯ ಬದಲು ಕತ್ತುಪಟ್ಟಿಯ ಜಂಪರು ಹೊಸ ಫ್ಯಾಷನ್ನು. ಅಪ್ಪ ನನ್ನ ಕತ್ತಿಗೆ ಟೇಪು ಸುತ್ತಿದ. ಗಲ್ಲ ಉಬ್ಬಿಸಿದೆ.

"ಊದೋದು ಬ್ಯಾಡ. ಒಂದು ಸಲ ಅಳು."

"ಈಗ್ಯಾಕ ಅಳಲಪ್ಪಾ?"

"ಮೋಟಾರು ಹತ್ತುವಾಗ ಅಳ್ತೀಯಲ್ಲ, ಆಗ ಕತ್ತು ಉಬ್ಬತೈತಿ."

ನಾನು ನಕ್ಕೆ. ಅಪ್ಪ ಟೇಪನ್ನು ಒಂದು ಬೆರಳು ಸಡಿಲ ಮಾಡಿ, ಅಳತೆ ಓದಲಾಗದೆ ಕಣ್ಣೊರೆಸಿಕೊಂಡ. ಮೋಟಾರಿನಲ್ಲಿ ಮಡಕಶಿರದವರೆಗೂ ಅಳುತ್ತಲೇ ಹೋದೆ, ಕತ್ತಿನ ಕೊಕ್ಕೆ ಬಿಚ್ಚಬೇಕಾಗಲಿಲ್ಲ.