ದೀಪ ಹಚ್ಚಿದ ಮೇಲೆ ಹೋಮ್‌ವರ್ಕ್

ಕೊಚ್ಚಿ ಪಕ್ಕದ ತ್ರಿಪ್ಪುಣಿತ್ತುರಕ್ಕೆ ಬಂದ ಮರುದಿನ, ಹೋಮ್‌ವರ್ಕ್ ಆಯಿತೇ ಎಂದು ಮೊಮ್ಮಗಳನ್ನು ಕೇಳಿದೆ. ಎಂಟು ವರ್ಷದ ಇಂಚರ ತಲೆಯೆತ್ತದೆ, "ಪಿನ್ನೆ ಚೆಯ್ಯಾಂ ಅಜ್ಜಿ" ಎಂದಳು. ಆಮೇಲೆ ಮಾಡುತ್ತೇನೆ ಎಂದರ್ಥವಂತೆ. ಸ್ವಂತ ಮೊಮ್ಮಗಳು ನನಗೆ ಮಲಯಾಳದಲ್ಲಿ ಸಬೂಬು ಹೇಳುತ್ತಿದ್ದಳು!

ಅವಳು ಹುಟ್ಟಿ ಬೆಳೆದದ್ದು ತಿರುವನಂತಪುರದಲ್ಲಿ. ಅಳಿಯನ ಕೆಲಸ ಅಲ್ಲೇ ಉಳಿದು, ಮಗಳು ವಸುಧಾಗೆ ಮಾತ್ರ ಕೊಚ್ಚಿಯ ಬ್ಯಾಂಕಿಗೆ ವರ್ಗವಾದಾಗ, ಸಂಜೆ ಮಗುವಿನ ಜೊತೆಗಿರಲು ನಾನು ಮೈಸೂರಿನಿಂದ ಬಂದೆ.

ನಾನು ಬೆಳೆದ ಮನೆಯಲ್ಲಿ ಪಾಠ ಮುಗಿಯದೆ ಆಟವಿರಲಿಲ್ಲ. ಅದನ್ನೇ ಇಲ್ಲಿ ಜಾರಿಗೆ ತಂದೆ. ನಾಲ್ಕೂವರೆಗೆ ಮೇಜು, ಪಕ್ಕದಲ್ಲಿ ನಾನು. ಅವಳಿಗೆ ಬಾಯಾರಿಕೆ, ಪೆನ್ಸಿಲ್ ಮೊಂಡು, ರಬ್ಬರ್ ಮಾಯ. ತಪ್ಪು ಅಂಕಿ ಬೀಳುವ ಮೊದಲೇ ತಿದ್ದುತ್ತಿದ್ದೆ. ಆರು ಗಂಟೆಗೆ ಇಬ್ಬರ ಕಣ್ಣಲ್ಲೂ ನೀರು.

ಮೂರನೇ ವಾರ ವಸುಧಾ ಶಾಲೆಯ ಡೈರಿ ಮುಂದಿಟ್ಟಳು.

"ಹೋಮ್‌ವರ್ಕ್ ಪೂರ್ತಿ ಆಗಿಲ್ಲ ಅಂತ ಟೀಚರ್ ಮತ್ತೆ ಬರೆದಿದ್ದಾರಮ್ಮ. ಬರೋ ತಿಂಗಳಿಂದ ಟ್ಯೂಷನ್‌ಗೆ ಹಾಕ್ತೀನಿ. ನೀನೂ ಆರಾಮಾಗಿ ಮೈಸೂರಿಗೆ ಹೋಗ್ಬಹುದು."

ಆ 'ಆರಾಮಾಗಿ' ಚುಚ್ಚಿತು. ಈ ಮನೆಯಲ್ಲಿ ನನಗಿದ್ದದ್ದು ಅದೊಂದೇ ಕೆಲಸ.

ಮರುದಿನ ಹುಡುಗಿ ಶಾಲೆಯ ಚೀಲದ ಸಮೇತ ಕೆಳಗಿನ ಮನೆಗೆ ತಪ್ಪಿಸಿಕೊಂಡಳು. ಅಲ್ಲಿರುವವರು ನಿವೃತ್ತ ನರ್ಸ್ ಸರೋಜಿನಿ. ಮಕ್ಕಳಿಗೆಲ್ಲ ಅಮ್ಮೂಮ್ಮ, ಅಂದರೆ ಅಜ್ಜಿ. ಕತ್ತಲಾಗುತ್ತ ಬಂದರೂ ಬಾರದಿದ್ದಾಗ ಕಿವಿ ಹಿಂಡಿ ತರಲೆಂದೇ ಇಳಿದೆ. ಆಗಷ್ಟೇ ದೀಪ ಹಚ್ಚಿದ್ದರು. ಆಡಿ, ಬಾಳೆಹಣ್ಣಿನ ಬೋಂಡಾ ತಿಂದು, ಕೈಕಾಲು ತೊಳೆದ, ಇಂಚರ ಸೇರಿ ಮೂರು ಮಕ್ಕಳು ಚಾಪೆಯ ಮೇಲೆ ಕುಳಿತು ದೇವರ ನಾಮ ಹೇಳುತ್ತಿದ್ದರು. ಅದು ಮುಗಿದದ್ದೇ ಪುಸ್ತಕ ತೆರೆದರು. ಯಾರೂ ಹೇಳಲಿಲ್ಲ! ಸರೋಜಿನಿ ಬೆನ್ನು ಹಾಕಿ ಬೀನ್ಸ್ ಹೆಚ್ಚುತ್ತಿದ್ದರು.

ಇಂಚರ ಏಳೆಂಟಲ ಐವತ್ತನಾಲ್ಕು ಎಂದು ಬರೆದಳು. ನನ್ನ ಬಾಯಿ ತೆರೆಯಿತು.

"ಇರಿಕ್ಕು ಚೇಚಿ, ಅವರ್ ಚೆಯ್ಯಟ್ಟೆ," ಎಂದರು ಸರೋಜಿನಿ. ಕೂರಿ ಅಕ್ಕ, ಅವರೇ ಮಾಡಲಿ. ನನ್ನ ಕೈಗೂ ಒಂದು ಹಿಡಿ ಬೀನ್ಸ್ ಕೊಟ್ಟರು.

ಇಷ್ಟು ಕಷ್ಟಪಟ್ಟು ನಾನೆಂದೂ ಬೀನ್ಸ್ ನಾರು ತೆಗೆದವಳಲ್ಲ. ಸ್ವಲ್ಪ ಹೊತ್ತಿಗೆ ಹುಡುಗಿ ತಾನೇ ಅಳಿಸಿ ಐವತ್ತಾರು ಮಾಡಿದಳು.

ವಸುಧಾ ಬಳಿ ಒಂದು ತಿಂಗಳ ಗಡುವು ಬೇಡಿದೆ. ನಾಲ್ಕೂವರೆ ರದ್ದಾಯಿತು, ದೀಪದ ಹೊತ್ತು ಬಂತು. ಕೈ ಸುಮ್ಮನಿರದೆಂದು ನಾನೂ ಮಲಯಾಳದ ಕಾಪಿಪುಸ್ತಕ ಹಿಡಿದೆ. ನನ್ನ ಪುಟ ತಿದ್ದಿದ ಇಂಚರ, "ಅಕ್ಷರ ದುಂಡಗಿದೆ ಅಜ್ಜಿ, ಎಲ್ಲಾ ತೆಟ್ಟು!" ಎಂದಳು. ಎಲ್ಲಾ ತಪ್ಪು. ಆದರೂ ಮುಕ್ಕಾಲು ಮಾತು ಕನ್ನಡವೇ ಅಲ್ಲವೇ! ಡೈರಿಯಲ್ಲಿ ದೂರು ನಿಂತಿತು. ಟ್ಯೂಷನ್ ಮಾತು ಮತ್ತೆ ಬರಲಿಲ್ಲ.

ಹೋದ ತಿಂಗಳು ತಮ್ಮನ ಮಗಳ ಮದುವೆಗೆ ಮೈಸೂರಿಗೆ ಹೋಗಿದ್ದೆ. ನಾನಿಲ್ಲದೆ ಶಿಸ್ತು ಹದಗೆಡುತ್ತದೆ ಎಂದುಕೊಂಡಿದ್ದಾಗ ಫೋನ್ ಬಂತು.

"ಹೋಮ್‌ವರ್ಕ್ ಆಯ್ತು ಅಜ್ಜಿ. ಅಮ್ಮೂಮ್ಮನ ಮನೇಲಿದ್ದೀನಿ, ಅಮ್ಮ ಇನ್ನೂ ಬಂದಿಲ್ಲ. ಯಾರೂ ಹೇಳ್ಳಿಲ್ಲ."

ನಾನಿಲ್ಲದೆಯೂ ನಡೆಯುತ್ತದೆ. ಬೇಕಾಗಿದ್ದೂ ಅದೇ.

"ಯಾವಾಗ ಬರ್ತೀಯ?"

"ಭಾನುವಾರ ಮನೆಗೆ ಬರ್ತೀನಿ ಪುಟ್ಟಾ."

ಪಕ್ಕದಲ್ಲಿದ್ದ ತಮ್ಮ ನಕ್ಕ. "ಅಲ್ಲಕ್ಕ, ಹಾಗಾದ್ರೆ ಇದ್ಯಾರ ಮನೆ?"

ಪರ್ಸ್ ತೆರೆದು ನೋಡಿಕೊಂಡೆ. ಕೊಚ್ಚಿಯ ಟಿಕೆಟ್ ಅಲ್ಲೇ ಇತ್ತು.