ಫ್ರೀಜರ್ ಪೆಟ್ಟಿಗೆ ಕೊಡದ ಅಂಗಡಿ

ಕೊರೋನಾ ಕಾಲ ಮುಗಿದು ಎರಡು ವರ್ಷವಾಗಿತ್ತು. ನಾನು ಬಸವಕಲ್ಯಾಣದ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ಸಹಾಯಕ ಸರ್ಕಾರಿ ಅಭಿಯೋಜಕಿಯಾಗಿದ್ದೆ. ಅಂದರೆ ಪೊಲೀಸರು ದಾಖಲಿಸಿದ ಪ್ರಕರಣಗಳನ್ನು ಸರ್ಕಾರದ ಪರವಾಗಿ ನಡೆಸುವ ವಕೀಲೆ. ಕಳವು, ಹೊಡೆದಾಟದ ಕಡತಗಳ ನಡುವೆ ಒಂದು ದಿನ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ ಪ್ರಕರಣ ಬಂತು. ಅಸ್ಪೃಶ್ಯತೆಯ ಕಾರಣಕ್ಕೆ ಅಂಗಡಿಯವರು ಸರಕನ್ನಾಗಲಿ ಸೇವೆಯನ್ನಾಗಲಿ ನಿರಾಕರಿಸಿದರೆ ಅದು ಅಪರಾಧ ಎನ್ನುತ್ತದೆ ಆ ಕಾಯ್ದೆ.

ನಮ್ಮ ತಾಲೂಕಿನ ಮುಡಬಿಯಲ್ಲಿ, ಬೌದ್ಧಧರ್ಮ ಸೇರಿದ ದಲಿತ ಕುಟುಂಬದ ಶಾಂತಾಬಾಯಿ ಮೇ ತಿಂಗಳ ಬಿಸಿಲಿನಲ್ಲಿ ಹಠಾತ್ತನೆ ತೀರಿಕೊಂಡಿದ್ದರು. ಮಗಳು ಸುಜಾತಾ ಅರೆಸೇನಾ ಪಡೆಯ ಪೇದೆ, ಅಸ್ಸಾಮಿನಿಂದ ಬರಬೇಕಿತ್ತು. ಅವಳು ಬರುವವರೆಗೆ ಹೆಣ ಕೆಡದಂತೆ ಇಡಲು ಮಗ ಮಿಲಿಂದ ಫ್ರೀಜರ್ ಪೆಟ್ಟಿಗೆ ಹುಡುಕಿ ಹೊರಟ. ಹುಮನಾಬಾದಿನಲ್ಲಿದ್ದ ಒಂದೇ ಪೆಟ್ಟಿಗೆ ಬೇರೊಂದು ಸಾವಿನ ಮನೆಗೆ ಹೋಗಿತ್ತು. ಬಸವಕಲ್ಯಾಣದಲ್ಲಿ ಶಾಮಿಯಾನ ಬಾಡಿಗೆಗೆ ಕೊಡುವ ಚನ್ನವೀರಪ್ಪನ ಅಂಗಡಿಯಲ್ಲಿ ಒಂದು ಖಾಲಿ ಇತ್ತು. ಅವನು ಮನೆಯವರ ಹೆಸರು, ಓಣಿ ಕೇಳಿದ. ಆಮೇಲೆ ಕೊಡಲಾರೆನೆಂದ.

"ಈ ಪೆಟ್ಟಿಗ್ಯಾಗ ಮೊದಲ ಮಲಗಿದಾಕಿ ನಮ್ಮವ್ವ. ಪೂಜಿ ಮಾಡಿ ಇಟ್ಟೀನಿ. ನೀವು ನಮ್ಮ ದೇವರನ್ನ ಬಿಟ್ಟವರು. ನನ್ನ ಮನಸ್ಸು ಒಪ್ಪಂಗಿಲ್ಲ, ತಮ್ಮಾ."

ಚನ್ನವೀರಪ್ಪ ಒರಟನಾಗಿರಲಿಲ್ಲ. ತಾನೇ ಮಂಜುಗಡ್ಡೆ ಕೊಂಡು, ಗೋಣಿತಟ್ಟಿನಲ್ಲಿ ಸುತ್ತಿಸಿ ಮಿಲಿಂದನ ಜೊತೆ ಆಟೋದಲ್ಲಿ ಕಳಿಸಿದ. ಮುಡಬಿ ಮುಟ್ಟುವ ಹೊತ್ತಿಗೆ ಅರ್ಧ ಕರಗಿತ್ತು. ಸುಜಾತಾ ಹೈದರಾಬಾದಿಗೆ ವಿಮಾನದಲ್ಲಿ ಬಂದು, ಹುಮನಾಬಾದಿಗೆ ಬಸ್ಸಿನಲ್ಲಿ ಬಂದು, ಅಲ್ಲಿಂದ ಜೀಪು ಹಿಡಿದು ಮನೆ ಸೇರಿದಾಗ ಹೆಣ ಕೆಟ್ಟಿತ್ತು. ಮುಖದ ಮೇಲಿನ ಬಟ್ಟೆ ತೆಗೆಯಲು ಮಿಲಿಂದ ಬಿಡಲಿಲ್ಲ. ಅವಳು ಪಾದ ಮುಟ್ಟಿ ಹಿಂದೆ ಸರಿದಳು.

ವಿಚಾರಣೆಯಲ್ಲಿ ಆರೋಪಿಯ ವಕೀಲರು ಇದರಲ್ಲಿ ಜಾತಿಯ ಮಾತೇ ಇಲ್ಲ, ಇದು ಧರ್ಮಶ್ರದ್ಧೆ, ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಸಂವಿಧಾನವೇ ಕೊಟ್ಟಿದೆ ಎಂದು ವಾದಿಸಿದರು. ಹಗುರವಾದ ವಾದವಲ್ಲ ಅದು. ಒಬ್ಬನ ನಂಬಿಕೆಯೊಳಗೆ ನ್ಯಾಯಾಲಯ ಕೈಹಾಕುವುದು ನನಗೂ ಇಷ್ಟವಿರಲಿಲ್ಲ. ಚನ್ನವೀರಪ್ಪ ತಾನೇ ಸಾಕ್ಷಿ ಹೇಳಲು ಮುಂದೆ ಬಂದ. ಹಣೆಯ ತುಂಬ ವಿಭೂತಿ; ತಾಯಿಯ ಹೆಸರೆತ್ತಿದಾಗ ಅವನ ಕಣ್ಣು ತುಂಬಿ ಬಂತು. ಅದು ನಾಟಕವಲ್ಲವೆಂದು ನನಗೆ ಅವತ್ತೂ ಅನ್ನಿಸಿತ್ತು, ಇವತ್ತೂ ಅನ್ನಿಸುತ್ತದೆ.

ಅವನಿಂದ ಪೆಟ್ಟಿಗೆ ಪಡೆದಿದ್ದ ಮನೆಗಳನ್ನು ಪೊಲೀಸರು ವಿಚಾರಿಸಿದ್ದರು. ಅವುಗಳಲ್ಲಿ ಒಂದು ಹುಮನಾಬಾದಿನ ನಿವೃತ್ತ ಕ್ರೈಸ್ತ ಶಿಕ್ಷಕರೊಬ್ಬರದು. ಅವರ ಮನೆಗೆ ಕೊಟ್ಟಿದ್ದು ನಿಜವೇ ಎಂದು ಕೇಳಿದೆ. ನಿಜವೆಂದ.

"ಅವರೂ ನಿಮ್ಮ ದೇವರಿಗೆ ಕೈ ಮುಗಿಯೋರಲ್ಲ. ಅವರಿಗೆ ಹ್ಯಾಂಗ ಕೊಟ್ರಿ?"

"ಅವರು ಛಲೋ ಮನಿತನದವರು ರೀ," ಅಂದ.

ಅಂದವನು ತನ್ನ ಮಾತು ತನಗೇ ಕೇಳಿಸಿದಂತೆ ಕಟಕಟೆಯ ಕಂಬಿ ಹಿಡಿದು ನಿಂತ. ನಾನು ಪಾಟೀಸವಾಲು ಅಲ್ಲಿಗೇ ಮುಗಿಸಿದೆ. ಅವನ ಆತ್ಮಸಾಕ್ಷಿ ಸುಳ್ಳಾಗಿರಲಿಲ್ಲ. ಅದರೊಳಗೆ ಓಣಿ ಸೇರಿಕೊಂಡಿದ್ದು ಅದುವರೆಗೆ ಅವನಿಗೇ ಗೊತ್ತಿರಲಿಲ್ಲ.

ಆರೋಪ ಸಾಬೀತಾಯಿತು. ನಂಬಿಕೆ ಅವನದೇ ಇರಬಹುದು, ಆದರೆ ಊರಿಗೆಲ್ಲ ಬಾಗಿಲು ತೆರೆದ ಅಂಗಡಿಯಲ್ಲಿ ಗಿರಾಕಿಯ ಹುಟ್ಟು ಕೇಳುವಂತಿಲ್ಲ ಎಂದು ನ್ಯಾಯಾಧೀಶರು ಬರೆದರು. ಅವನು ಮೇಲ್ಮನವಿಗೆ ಹೋದ. ಪೆಟ್ಟಿಗೆಯನ್ನು ಮಾರಿಬಿಟ್ಟನೆಂದು ಆಮೇಲೆ ತಿಳಿಯಿತು. ಅಲ್ಲಿಂದ ಕೆಲವು ಕಾಲ ಸಾವಿನ ಮನೆಯವರೆಲ್ಲ, ಯಾವ ಓಣಿಯವರಾದರೂ, ಹುಮನಾಬಾದಿಗೇ ಓಡಬೇಕಾಯಿತು.

ತೀರ್ಪಿನ ದಿನ ಸುಜಾತಾ ರಜೆ ಹಾಕಿ, ಸಮವಸ್ತ್ರದಲ್ಲೇ ಬಂದಿದ್ದಳು. ಹೊರಗೆ ಪಡಸಾಲೆಯಲ್ಲಿ ಮಿಲಿಂದ ನನಗೆ ಕೈ ಮುಗಿದ. ಅವಳು ಅವನನ್ನು ಚಹಾ ತರಲು ಕಳಿಸಿ, ಹತ್ತಿರ ಬಂದಳು.

"ಮೇಡಂ, ಕೇಸಿನ ಕಾಗದದಾಗ ಅವ್ವನ ಫೋಟೋ ಏನರ ಅದ ಏನ್ರಿ? ಅವತ್ತಿಂದು? ಮುಖ ಹ್ಯಾಂಗಿತ್ತಂತ ತಮ್ಮ ಹೇಳವಲ್ಲ. ಕಣ್ಣು ಮುಚ್ಚಿದ್ರ ಸಾಕು, ಏನೇನೋ ಮುಖ ಕಾಣಾಕತ್ತಾವ್ರಿ."

ಇರಲಿಲ್ಲ. ದೂರು, ಪಂಚನಾಮೆ, ಸಾಕ್ಷಿಗಳ ಹೇಳಿಕೆ ಎಲ್ಲ ಇತ್ತು. ಇಲ್ಲವೆಂದು ಹೇಳಿದೆ. ಅವಳು "ಆಯ್ತ್ರಿ" ಎಂದು ಟೊಪ್ಪಿಗೆ ಹಾಕಿಕೊಂಡು ಮೆಟ್ಟಿಲಿಳಿದಳು.

ನಾನು ಕಾಣದ ಆ ಮುಖ ನಿವೃತ್ತಿಯ ನಂತರವೂ ನನ್ನನ್ನು ಬಿಟ್ಟಿಲ್ಲ. ಕಾನೂನು ತಪ್ಪನ್ನು ತಪ್ಪೆಂದು ಹೇಳಬಲ್ಲದು. ಹೋದ ಹೊತ್ತನ್ನು ತಂದುಕೊಡಲಾರದು. ಈಗಲೂ ಯಾರಾದರೂ ಫೋನು ಮಾಡಿ, ಇಂಥ ಅಂಗಡಿಯವರು ನಮಗೆ ಕೊಡುವುದಿಲ್ಲ ಅಂದರು ಎಂದರೆ, ನಾನು ಕಾಯ್ದೆಯ ಕಲಮಿನಿಂದ ಶುರು ಮಾಡುವುದಿಲ್ಲ. ಏನು ಬೇಕಾಗಿತ್ತು, ಎಷ್ಟು ಹೊತ್ತಿನೊಳಗೆ ಬೇಕು ಎಂದು ಮೊದಲು ಕೇಳುತ್ತೇನೆ.