ಹನ್ನೊಂದು ಗಂಟೆಯ ಉಗ್ಗಾಣಿ

ರಾಯದುರ್ಗದ ಜೀನ್ಸ್ ಓಣಿಗಳಲ್ಲಿ ಭಾನುವಾರ ಹನ್ನೊಂದು ಗಂಟೆಗೆ ತಿನ್ನಲು ಏನೂ ಸಿಗುತ್ತಿರಲಿಲ್ಲ. ಇದು ಪೂರ್ತಿ ನಿಜವಲ್ಲ. ಸಿಗುತ್ತಿತ್ತು, ಅಕ್ಕನ ಹೊಟ್ಟೆ ಒಪ್ಪುವಂಥದ್ದು ಸಿಗುತ್ತಿರಲಿಲ್ಲ. ಶನಿವಾರ ಹೊಲಿಗೆ ತಡವಾಗಿ ಮುಗಿಯುತ್ತಿದ್ದುದರಿಂದ ಮಾರನೆಯ ದಿನ ನಾವು ಹೊತ್ತೇರಿದ ಮೇಲೆಯೇ ಏಳುತ್ತಿದ್ದೆವು. ಅಷ್ಟರಲ್ಲಿ ಹೋಟೆಲಿನವರು ಇಡ್ಲಿ ಪಾತ್ರೆ ತೊಳೆದು ಬೋರಲು ಹಾಕಿ, ಮಧ್ಯಾಹ್ನದ ಅನ್ನಕ್ಕೆ ಎಸರಿಟ್ಟಿರುತ್ತಿದ್ದರು. ತಿಂಡಿಗೂ ಸಲ್ಲದ, ಊಟಕ್ಕೂ ಸಲ್ಲದ ಆ ಹಸಿವೆಗೆ ಹೋಟೆಲು ಹುಡುಕುವುದೇ ನಮ್ಮ ರಜೆಯ ಕೆಲಸವಾಗಿತ್ತು.

ಅಕ್ಕ, ಭಾವ, ನಾನು ಗುಡಿಬಂಡೆ ಕಡೆಯವರು. ಮೂವರೂ ಒಂದೇ ಯೂನಿಟ್ಟಿನಲ್ಲಿ ಪ್ಯಾಂಟು ಹೊಲಿಯುತ್ತಿದ್ದೆವು. ಅಕ್ಕ ಬಸುರಿ. ಹಿಂದಿನ ಸಲದ್ದು ಮೂರನೆಯ ತಿಂಗಳಲ್ಲಿ ಹೋಗಿತ್ತು. ಈ ಸಲದ್ದು ನಿಲ್ಲಬೇಕಾದರೆ ಅವಳು ತಿಂದದ್ದು ಹೊಟ್ಟೆಯಲ್ಲಿ ನಿಲ್ಲಬೇಕು ಎಂದು ನಾವು ನಂಬಿದ್ದೆವು. ಅವಳಿಗೆ ಬೆಳಿಗ್ಗೆ ಎದ್ದೊಡನೆ ವಾಂತಿ. ಹನ್ನೊಂದರ ಹೊತ್ತಿಗೆ ಹೊಟ್ಟೆ ಸ್ವಲ್ಪ ತಣ್ಣಗಾಗುತ್ತಿತ್ತು. ಆಗಲೇ ಏನಾದರೂ ಇಳಿಯಬೇಕು.

ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕರಿದ ಎಣ್ಣೆಯ ವಾಸನೆ, ಅವಳು ಬಾಗಿಲಲ್ಲೇ ತಿರುಗಿದಳು. ಬಜಾರಿನ ಇನ್ನೊಂದರಲ್ಲಿ ಸಾಂಬಾರು ಹುಳಿ. ಬೆಟ್ಟದ ಬುಡದಲ್ಲಿದ್ದ ಮೂರನೆಯದಕ್ಕೆ ನಡೆಯುವಷ್ಟರಲ್ಲಿ ಅವಳಿಗೆ ತಲೆ ಸುತ್ತಿತು.

"ನಿಮ್ಮಕ್ಕನಿಗೆ ಹೋಟ್ಲು ಹುಡುಕಾದಕ್ಕಿಂತ ಗಂಡು ಹುಡುಕಾದೇ ಸಲೀಸಾಗಿತ್ತು ಕಣಮ್ಮಿ," ಎಂದ ಭಾವ.

"ಸರಿಯಾಗಿ ಹುಡುಕಿದ್ರೆ ಇಂಗ್ಯಾಕಾಗ್ತಿತ್ತು," ಎಂದಳು ಅಕ್ಕ, ಕಲ್ಲಿನ ಮೇಲೆ ಕೂತುಕೊಂಡೇ.

ಕೊನೆಗೆ ಸಿಕ್ಕಿದ್ದು ನಮ್ಮ ಓಣಿಯ ತುದಿಯಲ್ಲೇ. ತಗಡಿನ ಮಾಡು, ಎರಡು ಬೆಂಚು, ಹಿಂದೆ ಒಂದು ಗೋಡೆ. ಗೋಡೆಯ ಆಚೆ ಹೊಲಿದ ಪ್ಯಾಂಟುಗಳನ್ನು ಒಗೆದು ಬಣ್ಣ ಬಿಡಿಸುವ ವಾಷಿಂಗ್ ಶೆಡ್ಡು. ಭಾನುವಾರವೂ ಅದರ ದೊಡ್ಡ ಡ್ರಮ್ಮುಗಳು ತಿರುಗುವ ಸದ್ದು ಬೆಂಚಿನ ಮೂಲಕ ಬೆನ್ನಿಗೆ ತಾಗುತ್ತಿತ್ತು. ಹೋಟೆಲಿನ ಹೆಂಗಸು ರಾಯದುರ್ಗದವಳೇ.

"ಬರ್ರಿ, ಕುಂದರ್ರಿ. ಮಂಡಾಳ ಈಗ ನೆನಿಯಾಕ ಹಾಕೀನಿ."

ಮಂಡಕ್ಕಿಯನ್ನು ನೀರಲ್ಲಿ ನೆನೆಸಿ, ಹಿಂಡಿ, ಅರಿಶಿನ ಈರುಳ್ಳಿಯ ಒಗ್ಗರಣೆಗೆ ಹಾಕಿ ಮಾಡುವ ಉಗ್ಗಾಣಿ. ಎಣ್ಣೆ ಕಡಿಮೆ, ವಾಸನೆಯಿಲ್ಲ. ಅಕ್ಕ ಒಂದು ಪ್ಲೇಟು ತಿಂದಳು. ನಾವು ಅವಳ ಮುಖವನ್ನೇ ನೋಡುತ್ತಾ ಕಾದೆವು. ವಾಂತಿ ಬರಲಿಲ್ಲ. ಇನ್ನೊಂದು ಪ್ಲೇಟು ಕೇಳಿದಳು, ನಕ್ಕಳು. ಭಾವನನ್ನು ಕೇಳಿದರೆ ಆ ದಿನ ಅವಳು ನಗಲೇ ಇಲ್ಲ, ನಕ್ಕದ್ದು ತಾನು ಎನ್ನುತ್ತಾನೆ. ಮುಂದಿನ ವಾರದಿಂದ ಭಾವ ದಿನವೂ ಟೀ ಬಿಡುವಿನಲ್ಲಿ ಓಡಿಹೋಗಿ ಪೇಪರಿನಲ್ಲಿ ಕಟ್ಟಿಸಿ ತರತೊಡಗಿದ. ಅಕ್ಕನ ಕೆನ್ನೆ ತುಂಬಿಕೊಂಡಿತು.

ಹೊಸ ಜೀನ್ಸ್ ಬಟ್ಟೆ ಕೈಗೆ ಬಣ್ಣ ಬಿಡುತ್ತದೆ. ಉಗುರು, ಬೆರಳ ಗೆರೆ, ಮೂಗಿನ ಹೊಳ್ಳೆ, ದಿಂಬು ಎಲ್ಲ ನೀಲಿ. ಸೋಪು ಹಾಕಿದರೂ ಹೋಗದು. ನಾವು ತಿನ್ನುವ ಉಗ್ಗಾಣಿಯ ಹಳದಿಯಲ್ಲಿ ಅಲ್ಲಲ್ಲಿ ಹಸಿರು ಕಾಣಿಸುತ್ತಿತ್ತು. ಅದು ನಮ್ಮ ಬೆರಳಿನ ಬಣ್ಣವೆಂದುಕೊಂಡು ನಾವು ಯಾರೂ ಎರಡನೆಯ ಸಲ ನೋಡಲಿಲ್ಲ. ಅಲ್ಲಿಗೆ ಬರುವವರೆಲ್ಲ ಹೊಲಿಗೆಯವರೇ, ಎಲ್ಲರ ಕೈಯೂ ಹಾಗೇ.

"ನೀವು ಮುಟ್ಟಿದ್ದೆಲ್ಲ ಹಸರಾಗತೈತಿ ನೋಡ್ರಿ," ಎಂದು ಹೆಂಗಸು ರೇಗಿಸುತ್ತಿದ್ದಳು.

"ನಿಮ್ ಹೊಲದಾಗೊಂದೀಟು ಕೈ ಆಡ್ಸಿ ಹೋಗಾನ, ಕರೀರಮ್ಮ," ಎನ್ನುತ್ತಿದ್ದಳು ಅಕ್ಕ.

ಯುಗಾದಿಗೆ ಯೂನಿಟ್ಟು ಮುಚ್ಚಿತು. ಊರಿಗೆ ಹೋದೆವು. ಅವ್ವನ ಮನೆಯಲ್ಲಿ ಎಣ್ಣೆ ನೀರು ಎರೆಸಿಕೊಂಡು, ಬೂದಿ ಹುಣಸೆಹಣ್ಣು ಹಚ್ಚಿ ಪಾತ್ರೆ ಬೆಳಗಿ, ಕೈ ಮೊದಲಿನ ಬಣ್ಣಕ್ಕೆ ಬಂತು. ಭಾನುವಾರ ಬಸ್ಸಿಳಿದು, ಬ್ಯಾಗು ಹೊತ್ತುಕೊಂಡೇ ತಗಡಿನ ಹೋಟೆಲಿಗೆ ನಡೆದೆವು. ಪ್ಲೇಟು ಬಂದವು. ನಾನು ಕೈ ಹಾಕುವವಳಿದ್ದೆ.

"ತಡಿಯೇ," ಎಂದಳು ಅಕ್ಕ. "ಕೈ ತೋರ್ಸು."

ತೋರಿಸಿದೆ. ತನ್ನದನ್ನೂ ಪಕ್ಕಕ್ಕೆ ಇಟ್ಟಳು. ಅಂಗೈ, ಉಗುರು, ಎಲ್ಲ ಸ್ವಚ್ಛ. ಯಾರೂ ಮುಟ್ಟದ ಪ್ಲೇಟಿನ ಅಂಚಿನಲ್ಲಿ, ಉಗ್ಗಾಣಿಯಿಂದ ಇಳಿದ ಒಂದಿಷ್ಟು ನೀರು ಹಸಿರಾಗಿ ನಿಂತಿತ್ತು.

ಅಕ್ಕ ಎದ್ದು ಹಿಂದಕ್ಕೆ ಹೋದಳು. ನಾನೂ ಹೋದೆ. ಸ್ಟೀಲಿನ ಬೇಸಿನ್ನಿನಲ್ಲಿ ಮಂಡಕ್ಕಿ ನೆನೆಯುತ್ತಿತ್ತು. ಬೇಸಿನ್ನಿನ ಒಳಮೈಗೆ ತೆಳ್ಳಗೆ ಒಂದು ನೀಲಿ ಗೆರೆ ಅಂಟಿತ್ತು, ನೀರು ದಿನವೂ ಅಲ್ಲಿಯವರೆಗೇ ಬರುತ್ತದೆಂದು ಹೇಳುವಂತೆ.

"ಇದ್ಯಾವ ನೀರಮ್ಮಾ?"

"ಇಲ್ಲೇ ಗೋಡಿ ಪಕ್ಕದ ಬೋರಿಂದು."

"ನೀವು ಕುಡಿತೀರಾ?"

"ಇಲ್ರಿ. ಕುಡಿಯಾಕ ಮನಿಯಿಂದ ಕೊಡ ತರ್ತೀನಿ. ನಿಮಗೂ ಅದನ್ನ ಕೊಡ್ತೀನಲ್ರಿ."

"ಮಂಡಕ್ಕಿಗೆ?"

"ಹಿಂಡಿ ಹಾಕ್ತೀನಲ್ರಿ. ನೀರು ಎಲ್ಲಿ ಉಳಿತೈತಿ?" ಅವಳ ದನಿಯಲ್ಲಿ ಸುಳ್ಳಿರಲಿಲ್ಲ. ಅಕ್ಕನ ಹೊಟ್ಟೆಯನ್ನೊಮ್ಮೆ ನೋಡಿ, "ಯಾಕ, ಏನಾತ್ರಿ?" ಎಂದಳು.

ಅಕ್ಕ ಬೆಂಚಿಗೆ ಬಂದು ಬ್ಯಾಗು ತೆಗೆದುಕೊಂಡಳು.

"ಒಂಚೂರು ಬಣ್ಣ ತಾನೆ," ಎಂದ ಭಾವ. ಅವನ ಪ್ಲೇಟು ಅರ್ಧ ಮುಗಿದಿತ್ತು. "ದಿನಾ ಮೂಗ್ನಾಗೇ ಹೋಗ್ತೈತೆ. ನಾಳೆಯಿಂದ ಬ್ಯಾರೆ ಕಡೆ ತಿಂದ್ರಾಯ್ತು."

"ನಾಳೆದು ಬುಡು. ಇಷ್ಟು ದಿನದ್ದು?"

ಅವನು ಬಾಯಲ್ಲಿದ್ದದ್ದನ್ನು ನುಂಗಲೂ ಇಲ್ಲ, ಉಗುಳಲೂ ಇಲ್ಲ. ಇದು ನನಗೆ ಖಚಿತವಾಗಿ ನೆನಪಿದೆ, ಅಷ್ಟು ಖಚಿತವಾಗಿರುವುದರಿಂದಲೇ ನೆನಪಿನ ಮೇಲೆ ಅನುಮಾನ. ಅಕ್ಕ ಸಿಕ್ಕ ಬಸ್ಸಿಗೆ ಅವ್ವನ ಮನೆಗೆ ವಾಪಸ್ಸು ಹೋದಳು. ದಾರಿಯುದ್ದಕ್ಕೂ ಹೊಟ್ಟೆಯ ಮೇಲಿಂದ ಕೈ ತೆಗೆದಿರಲಿಲ್ಲವಂತೆ, ಕೂಸು ಅಲುಗುತ್ತದೋ ಎಂದು.

ಕೂಸು ಹುಟ್ಟಿತು. ಹೆಣ್ಣು. ಈಗ ಶಾಲೆಗೆ ಹೋಗುತ್ತಾಳೆ, ಆಡುತ್ತಾಳೆ, ವರ್ಷಕ್ಕೆ ನಾಲ್ಕಾರು ಸಲ ಉಸಿರು ಕಟ್ಟಿ ಆಸ್ಪತ್ರೆ ಸೇರುತ್ತಾಳೆ. ಅದಕ್ಕೂ ಆ ನೀರಿಗೂ ಸಂಬಂಧವಿದೆ ಎಂದು ಡಾಕ್ಟರು ಹೇಳಿಲ್ಲ, ಇಲ್ಲ ಎಂದೂ ಹೇಳಿಲ್ಲ. ಮೊದಲ ಮೂರು ತಿಂಗಳಲ್ಲಿ ಹೊಟ್ಟೆಗೆ ಹೋದದ್ದೇ ಮುಖ್ಯ ಎಂದು ಯಾರೋ ನರ್ಸು ಅಂದಳಂತೆ. ಅಂದಿನಿಂದ, ಮಗುವಿಗೆ ಉಬ್ಬಸ ಬಂದಾಗಲೆಲ್ಲ ಅಕ್ಕ ನನಗೆ ಫೋನು ಮಾಡುತ್ತಾಳೆ.

"ನಾವಲ್ಲಿ ತಿನ್ನಕ್ಕೆ ಶುರು ಮಾಡಿದ್ದು ಯಾವಾಗ್ಲೇ?"

ಸಂಕ್ರಾಂತಿ ಆದ ಮೇಲೆ ಎಂದಾದರೆ ಆಗ ಅವಳಿಗೆ ಮೂರು ತಿಂಗಳು ದಾಟಿತ್ತು. ಕಡೆ ಕಾರ್ತಿಕದ ಹೊತ್ತಿಗೇ ಎಂದಾದರೆ ದಾಟಿರಲಿಲ್ಲ. ಎರಡನೆಯ ಪ್ಲೇಟು ಕೇಳಿದ ದಿನ ಅವಳು ಶಾಲು ಹೊದ್ದಿದ್ದಳು, ಅದು ಕಣ್ಣಿಗೆ ಕಟ್ಟಿದೆ. ಆದರೆ ಆ ಶಾಲನ್ನು ನಾನು ಬೇರೆ ಯಾವ ದಿನದಿಂದಲೋ ತಂದು ಹೊದಿಸಿರಬಹುದು. ಚಳಿಯಂತೂ ಎರಡೂ ಹೊತ್ತಿನಲ್ಲಿ ಇತ್ತು.

"ಸಂಕ್ರಾಂತಿ ಆದ್ಮೇಲೆ ಕಣಕ್ಕ," ಎಂದೆ ಮೊನ್ನೆ.

"ಹೋದ್ಸಲ ಕಾರ್ತಿಕ ಅಂದಿದ್ದೆ."

ಅವಳು ಫೋನು ಇಡಲಿಲ್ಲ. ಅವಳ ಪಕ್ಕದಲ್ಲಿ ಮಲಗಿದ್ದ ಮಗು ಉಸಿರು ಎಳೆದುಕೊಳ್ಳುವುದು ನನಗೆ ಕೇಳುತ್ತಿತ್ತು.